ಒಂದೇ ಮಾನಿಟರ್, ಇಬ್ಬರ ಸೆಶನ್: ಇಬ್ಬರಿಗೂ ಬೇರೆ ಬೇರೆ ರೆಸಲ್ಯೂಶನ್ ಇಡಬಹುದಾ?

ಬೆಳಕಿಂಡಿ

ಎಲ್ಲರಿಗೂ ನಮಸ್ಕಾರ. ಎರಡು ತೊಂದರೆ ಒಟ್ಟಿಗೇ ಬಂದಿವೆ. ಒಂದಕ್ಕೊಂದು ಸಂಬಂಧ ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. ಅದಕ್ಕೇ ಎರಡನ್ನೂ ಇಲ್ಲೇ ಬರೆಯುತ್ತಿದ್ದೇನೆ.

ಮನೆಯಲ್ಲಿ ಇರುವುದು ಒಂದೇ ಕಂಪ್ಯೂಟರ್. ಲಿನಕ್ಸ್, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್, ಲಾಗಿನ್‌ಗೆ ಲೈಟ್‌ಡಿಎಂ. ನಾನೂ ಅಮ್ಮನೂ ಹಂಚಿಕೊಂಡು ಬಳಸುತ್ತೇವೆ. ನಾನು ಪುಸ್ತಕದ ಪುಟ ಜೋಡಿಸುವ ಕೆಲಸ ಮಾಡುತ್ತೇನೆ. ಪರದೆಯ ಮೇಲೆ ಜಾಗ ಜಾಸ್ತಿ ಬೇಕು. ಅಮ್ಮನಿಗೆ ಕಣ್ಣು ಸ್ವಲ್ಪ ಮಂಜು, ಅಕ್ಷರ ದೊಡ್ಡದಾಗಿ ಕಾಣಬೇಕು. ಇಷ್ಟು ದಿನ ಇಬ್ಬರದೂ ಒಂದೇ ಅಕೌಂಟ್. ಅಮ್ಮ ಕೂತಾಗ ರೆಸಲ್ಯೂಶನ್ 1280×720ಕ್ಕೆ ಇಳಿಸುವುದು, ನಾನು ಕೂತಾಗ 1920×1080ಕ್ಕೆ ಏರಿಸುವುದು. ದಿನಕ್ಕೆ ಐದಾರು ಸಲ ಇದೇ ಕೆಲಸ.

ಹೋದ ವಾರ ಮೇಜನ್ನು ಕಿಟಕಿಯ ಹತ್ತಿರ ಸರಿಸಿದೆವು. ಹಳೆ ವಿಜಿಎ ಕೇಬಲ್ ಗಿಡ್ಡವಾಯಿತು ಅಂತ ಉದ್ದದ್ದೊಂದು ಹಾಕಿದೆ. ಅದೇ ದಿನ ಸಿಸ್ಟಮ್ ಅಪ್‌ಡೇಟ್ ಕೂಡ ಆಯಿತು. ಆವತ್ತಿನಿಂದ ಪಟ್ಟಿಯಲ್ಲಿ 1024×768ಕ್ಕಿಂತ ಮೇಲಿನದು ಏನೂ ಇಲ್ಲ. ಅಗಲದ ಮಾನಿಟರ್ ಆದ್ದರಿಂದ ಎಲ್ಲ ಹಿಗ್ಗಿ ಕಾಣುತ್ತದೆ. ವೃತ್ತ ಬರೆದರೆ ಮೊಟ್ಟೆಯ ಹಾಗೆ ಕಾಣುತ್ತದೆ. ಪುಟದ ಅಳತೆ ನೋಡುವವಳಿಗೆ ಇದರಲ್ಲಿ ಕೆಲಸ ಮಾಡುವುದು ಸಾಧ್ಯವೇ ಇಲ್ಲ.

ಎರಡನೆಯದು, ಅಮ್ಮನ ಸೆಶನ್ (ಲಾಗಿನ್ ಆಗಿ ತೆರೆದಿಟ್ಟ ಡೆಸ್ಕ್‌ಟಾಪ್) ಮತ್ತು ನನ್ನ ಸೆಶನ್ ಎರಡೂ ಒಟ್ಟಿಗೆ ತೆರೆದೇ ಇರಬೇಕು. ಅವರು ಬರೆಯುತ್ತಿದ್ದ ಫೈಲ್ ಅಲ್ಲೇ ಇರಬೇಕು, ನನ್ನದು ಇಲ್ಲೇ ಇರಬೇಕು. ಒಂದು ಕೀ ಒತ್ತಿದರೆ ಬದಲಾಗಬೇಕು, ರೆಸಲ್ಯೂಶನ್ ಸಮೇತ. ಲಾಕ್ ತೆಗೆದಾಗಲೆಲ್ಲ ರೆಸಲ್ಯೂಶನ್ ಬದಲಿಸುವ ಸ್ಕ್ರಿಪ್ಟ್ ಒಂದನ್ನು ಬರೆದು ನೋಡಿದೆ. ಒಮ್ಮೊಮ್ಮೆ ಕೆಲಸ ಮಾಡುತ್ತದೆ, ಒಮ್ಮೊಮ್ಮೆ ಪರದೆ ಕಪ್ಪಾಗಿ ನಿಲ್ಲುತ್ತದೆ.

ನೂಲೇಣಿ

ಮೊದಲನೆಯದಕ್ಕೆ ಉತ್ತರ ಸುಲಭ. ಪಟ್ಟಿಯಲ್ಲಿ ಇಲ್ಲದ ಮೋಡ್ (ಒಂದು ರೆಸಲ್ಯೂಶನ್ ಮತ್ತು ಅದರ ಸಮಯದ ಲೆಕ್ಕ) ಅನ್ನು ನಾವೇ ಸೇರಿಸಬಹುದು. ಟರ್ಮಿನಲ್‌ನಲ್ಲಿ ಸಿವಿಟಿ ಕಮಾಂಡ್‌ಗೆ 1920 1080 60 ಎಂದು ಕೊಡಿ. ಅದು ಒಂದು ಮೋಡ್‌ಲೈನ್, ಅಂದರೆ ಆ ಮೋಡ್‌ನ ಅಂಕಿಗಳ ಸಾಲು, ಕೊಡುತ್ತದೆ: 173.00, ಆಮೇಲೆ 1920 2048 2248 2576, ಆಮೇಲೆ 1080 1083 1088 1120. ಅದನ್ನು ಹಾಗೇ ನಕಲು ಮಾಡಿ, ಪರದೆಯ ಮೋಡ್ ಬದಲಿಸುವ ಎಕ್ಸ್‌ರ್ಯಾಂಡರ್ ಕಮಾಂಡ್‌ನ ನ್ಯೂಮೋಡ್‌ಗೆ ಕೊಡಿ. ನಂತರ ಆಡ್‌ಮೋಡ್‌ನಿಂದ ಅದನ್ನು ನಿಮ್ಮ ವಿಜಿಎ ಔಟ್‌ಪುಟ್‌ಗೆ ಜೋಡಿಸಿ. ಕೊನೆಗೆ ಔಟ್‌ಪುಟ್ ಮತ್ತು ಮೋಡ್ ಹೆಸರು ಕೊಟ್ಟು ಚಾಲೂ ಮಾಡಿ. ಮೂರೇ ಸಾಲು.

ಹಳೆಗೂಡು

ಅದಕ್ಕೂ ಮೊದಲು ಎಕ್ಸ್‌ರ್ಯಾಂಡರ್ ಅನ್ನು ಸುಮ್ನೆ ಒಂದು ಸಲ ಓಡಿಸಿ, ಏನು ಬರುತ್ತದೆ ಹೇಳಿ. ಯಾವ ಸಾಲಿನ ಪಕ್ಕ ನಕ್ಷತ್ರ ಇದೆ, ಯಾವುದರ ಪಕ್ಕ ಪ್ಲಸ್ ಇದೆ ನೋಡಿ. ನಕ್ಷತ್ರ ಎಂದರೆ ಈಗ ಓಡುತ್ತಿರುವ ಮೋಡ್. ಪ್ಲಸ್ ಎಂದರೆ ಮಾನಿಟರ್ ತನಗೆ ಒಗ್ಗುವುದು ಎಂದು ತಾನೇ ಹೇಳಿಕೊಂಡ ಮೋಡ್. ಪ್ಲಸ್ ಎಲ್ಲೂ ಇಲ್ಲದಿದ್ದರೆ ಮಾನಿಟರ್ ಏನೂ ಹೇಳಿಲ್ಲ ಎಂದೇ ಅರ್ಥ. ಆಗ ಮೋಡ್ ಸೇರಿಸುವುದಕ್ಕಿಂತ ಮೊದಲು ಅದು ಯಾಕೆ ಸುಮ್ಮನಿದೆ ಅಂತ ಹುಡುಕಬೇಕು.

ಬೆಳಕಿಂಡಿ

ನಾನು ಅವಸರ ಮಾಡಿಬಿಟ್ಟೆ. ನೂಲೇಣಿಯವರ ಮೂರು ಸಾಲು ಹಾಕಿದೆ. ಪರದೆ ಕಪ್ಪಾಯಿತು, ಮಧ್ಯದಲ್ಲಿ "ಔಟ್ ಆಫ್ ರೇಂಜ್" ಅಂತ ಒಂದು ಪೆಟ್ಟಿಗೆ ತೇಲಾಡತೊಡಗಿತು. ಕೀ ಒತ್ತಿದರೂ ಏನೂ ಕಾಣುತ್ತಿಲ್ಲ. ಕೊನೆಗೆ ಪವರ್ ಬಟನ್ ಒತ್ತಿ ಹಿಡಿದು ಆರಿಸಿದೆ. ಅಮ್ಮ ಬರೆಯುತ್ತಿದ್ದ ಒಂದು ಪುಟ ಹೋಯಿತು. ತುಂಬಾ ಬೇಜಾರಾಯಿತು.

ಎಕ್ಸ್‌ರ್ಯಾಂಡರ್ ಈಗ ಓಡಿಸಿದೆ. ನಕ್ಷತ್ರ 1024×768ರ ಪಕ್ಕ ಇದೆ. ಪ್ಲಸ್ ಎಲ್ಲೂ ಇಲ್ಲ.

ನೂಲೇಣಿ

ಕ್ಷಮಿಸಿ, ತಪ್ಪು ನನ್ನದೇ. ಹಿಂದಕ್ಕೆ ಬರುವ ದಾರಿ ಹೇಳದೆ ಮೋಡ್ ಬದಲಿಸಲು ಹೇಳಬಾರದಿತ್ತು. ಇನ್ನು ಮುಂದೆ ಹೀಗೆ ಮಾಡಿ. ಹೊಸ ಮೋಡ್‌ಗೆ ಹೋಗುವ ಕಮಾಂಡ್, ಅರ್ಧವಿರಾಮ ಚಿಹ್ನೆ, ಸ್ಲೀಪ್ 15, ಮತ್ತೆ ಅರ್ಧವಿರಾಮ ಚಿಹ್ನೆ, ಹಳೆ ಮೋಡ್‌ಗೆ ಮರಳುವ ಕಮಾಂಡ್. ಎಲ್ಲ ಒಂದೇ ಸಾಲಿನಲ್ಲಿ ಬರೆದು ಒಮ್ಮೆಗೇ ಎಂಟರ್ ಒತ್ತಿ. ಪರದೆ ಕಪ್ಪಾದರೆ ಕೈಕಟ್ಟಿ ಕೂತುಕೊಳ್ಳಿ, 15 ಸೆಕೆಂಡಿಗೆ ತಾನಾಗಿ ವಾಪಸ್ ಬರುತ್ತದೆ. ಚೆನ್ನಾಗಿ ಬಂದರೆ ಅಷ್ಟರೊಳಗೆ ಕಂಟ್ರೋಲ್ ಸಿ ಒತ್ತಿದರೆ ಆಯಿತು, ಹಿಂದಕ್ಕೆ ಹೋಗುವುದಿಲ್ಲ. ನಡುವೆ ಎರಡು ಆ್ಯಂಪರ್‌ಸ್ಯಾಂಡ್ ಹಾಕಬೇಡಿ, ಅರ್ಧವಿರಾಮವೇ ಇರಲಿ. ಮೊದಲ ಕಮಾಂಡ್ ಸೋತರೂ ಕೊನೆಯದು ಓಡಲೇಬೇಕಲ್ಲ.

ಕಪ್ಪಾಗಿದ್ದು ಯಾಕೆ ಅಂತಲೂ ಹೊಳೆಯಿತು. ನಾನು ಕೊಟ್ಟ ಲೆಕ್ಕದಲ್ಲಿ ಪಿಕ್ಸೆಲ್ ಗಡಿಯಾರ (ಸೆಕೆಂಡಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ) 173 ಮೆಗಾಹರ್ಟ್ಸ್. ಹಳೆ ಟ್ಯೂಬ್ ಮಾನಿಟರ್‌ನಲ್ಲಿ ಎಲೆಕ್ಟ್ರಾನ್ ಕಿರಣ ಒಂದು ಸಾಲು ಮುಗಿಸಿ ಮುಂದಿನ ಸಾಲಿಗೆ ವಾಪಸ್ ಬರಲು ಸಮಯ ಬೇಕಿತ್ತು. ಆ ಬಿಡುವನ್ನೂ ಸೇರಿಸಿ ಸಿವಿಟಿ ಲೆಕ್ಕ ಹಾಕುತ್ತದೆ. ಅದಕ್ಕೇ 1920 ಚುಕ್ಕೆಯ ಸಾಲಿಗೆ 2576 ಚುಕ್ಕೆಯಷ್ಟು ಹೊತ್ತು. ಎಲ್‌ಸಿಡಿಗೆ ಅಷ್ಟು ಬಿಡುವು ಬೇಕಿಲ್ಲ. ಸಿವಿಟಿಗೆ ಅಡ್ಡಗೆರೆ ಆರ್ ಸೇರಿಸಿ ಕೊಟ್ಟರೆ ಸಾಲಿಗೆ 2080 ಚುಕ್ಕೆ, ಗಡಿಯಾರ 138.50 ಮೆಗಾಹರ್ಟ್ಸ್ ಮಾತ್ರ. ನಿಮ್ಮ ಮಾನಿಟರ್ ಇದನ್ನು ಒಪ್ಪುವ ಸಾಧ್ಯತೆ ಜಾಸ್ತಿ.

ಹಳೆಗೂಡು

ಸ್ವಲ್ಪ ತಡೆಯಿರಿ. 1024×768 ಎಂಬ ಅಂಕಿಯೇ ಒಂದು ಸುಳಿವು.

ಪ್ರತಿ ಮಾನಿಟರ್ ಒಳಗೆ ಒಂದು ಪುಟ್ಟ ಚೀಟಿ ಇರುತ್ತದೆ, ಇಡಿಐಡಿ ಎನ್ನುತ್ತಾರೆ. ಮೂಲ ಚೀಟಿ ಬರೀ 128 ಬೈಟ್. ನಾನು ಯಾರು, ನನ್ನ ಅಗಲ ಎತ್ತರ ಎಷ್ಟು, ಯಾವ ಯಾವ ಮೋಡ್ ನನಗೆ ಬರುತ್ತದೆ ಎಂಬುದೆಲ್ಲ ಅದರಲ್ಲಿದೆ. ಲಿನಕ್ಸ್ ಕರ್ನಲ್ (ವ್ಯವಸ್ಥೆಯ ತಿರುಳು) ಅದನ್ನು ಓದಿ ಮೋಡ್‌ಗಳ ಪಟ್ಟಿ ಮಾಡುತ್ತದೆ. ಚೀಟಿ ಸಿಗದಿದ್ದರೆ ಕರ್ನಲ್ ಊಹೆಗೆ ಹೋಗುವುದಿಲ್ಲ. ಯಾವ ಮಾನಿಟರ್ ಆದರೂ ತೋರಿಸಬಹುದಾದ ಕೆಲವು ಮೋಡ್‌ಗಳನ್ನು 1024×768ರವರೆಗೆ ಕೊಟ್ಟು ನಿಲ್ಲಿಸುತ್ತದೆ. ನಿಮ್ಮ ಪಟ್ಟಿ ಸರಿಯಾಗಿ ಅಲ್ಲಿಗೇ ನಿಂತಿದೆ ನೋಡಿ.

ವಿಜಿಎ ಕನೆಕ್ಟರ್‌ನಲ್ಲಿ 15 ಪಿನ್ ಇರುತ್ತವೆ. ಕೆಂಪು, ಹಸಿರು, ನೀಲಿ ಬಣ್ಣ ಸಾಗಿಸುವುದು ಮೊದಲ ಮೂರು. ಚೀಟಿ ಬರುವುದು 12 ಮತ್ತು 15ರಲ್ಲಿ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಈ ಎರಡು ತಂತಿ ಇರುವುದೇ ಇಲ್ಲ. ಚಿತ್ರ ಬರುತ್ತದೆ, ಚೀಟಿ ಬರುವುದಿಲ್ಲ.

ಪರೀಕ್ಷೆ ಮಾಡಲು ಏನನ್ನೂ ಬದಲಿಸಬೇಕಿಲ್ಲ. ಸಿಸ್ ಫೋಲ್ಡರ್ ಒಳಗೆ ಕ್ಲಾಸ್, ಅದರೊಳಗೆ ಡಿಆರ್‌ಎಂ, ಅದರೊಳಗೆ ಕಾರ್ಡ್ 0 ಅಥವಾ ಕಾರ್ಡ್ 1 ಎಂದು ಶುರುವಾಗಿ ವಿಜಿಎ 1 ಎಂದು ಮುಗಿಯುವ ಫೋಲ್ಡರ್ ಇರುತ್ತದೆ. ಅದರಲ್ಲಿ ಇಡಿಐಡಿ ಎಂಬ ಫೈಲ್ ಇದೆ. ಕ್ಯಾಟ್‌ನಿಂದ ಓದಿ ಡಬ್ಲ್ಯುಸಿಗೆ ಕಳಿಸಿ, ಬೈಟ್ ಎಣಿಸಿ. ಫೈಲ್ ಮ್ಯಾನೇಜರ್ ತೋರಿಸುವ ಗಾತ್ರ ನಂಬಬೇಡಿ, ಆ ಫೋಲ್ಡರ್‌ನ ಫೈಲ್‌ಗಳಿಗೆ ಅದು ಸರಿಯಾಗಿ ಹೇಳುವುದಿಲ್ಲ. ಓದಿಯೇ ಎಣಿಸಬೇಕು. ಸೊನ್ನೆ ಬಂದರೆ ಕೇಬಲ್ ಬದಲಿಸಿ ಮತ್ತೆ ಎಣಿಸಿ.

ಹಾಗೇ ಬೂಟ್ ಸಾಲಿನಲ್ಲಿ (ಶುರುವಾಗುವಾಗ ಕರ್ನಲ್‌ಗೆ ಕೊಡುವ ಆಯ್ಕೆಗಳ ಸಾಲು) ನೋಮೋಡ್‌ಸೆಟ್ ಎಂಬ ಪದ ಉಳಿದಿದೆಯಾ ಎಂದೂ ನೋಡಿ. ಇನ್‌ಸ್ಟಾಲ್ ಮಾಡುವಾಗ ಯಾರೋ ಹೇಳಿದರು ಅಂತ ಹಾಕಿ ಮರೆತಿರುತ್ತಾರೆ. ಅದು ಇದ್ದರೆ ಗ್ರಾಫಿಕ್ಸ್ ಡ್ರೈವರ್ ಕೆಲಸವನ್ನೇ ಮಾಡುವುದಿಲ್ಲ, ರೆಸಲ್ಯೂಶನ್ ಒಂದೇ ಕಡೆ ಅಂಟಿಕೊಳ್ಳುತ್ತದೆ.

ಬೆಳಕಿಂಡಿ

ನೋಮೋಡ್‌ಸೆಟ್ ಇಲ್ಲ. ಉದ್ದದ ಕೇಬಲ್‌ನಲ್ಲಿ ಎಣಿಸಿದರೆ 0. ಮೇಜನ್ನು ಹಿಂದಕ್ಕೆ ತಳ್ಳಿ ಹಳೆ ಗಿಡ್ಡ ಕೇಬಲ್ ಹಾಕಿ ಎಣಿಸಿದೆ. 128. ಪಟ್ಟಿಯಲ್ಲಿ 1920×1080 ಬಂದು ಕೂತಿದೆ, ಪಕ್ಕದಲ್ಲಿ ನಕ್ಷತ್ರ, ಪ್ಲಸ್ ಎರಡೂ ಇವೆ. ನಾನು ಒಂದು ವಾರ ಅಪ್‌ಡೇಟ್ ಅನ್ನು ಬೈದುಕೊಂಡು, ಹಳೆ ಕರ್ನಲ್‌ಗೆ ಮರಳಿ, ಡ್ರೈವರ್ ಮತ್ತೆ ಹಾಕಿ ಎಲ್ಲ ಮಾಡಿದ್ದೆ. ಅದು ಎರಡು ತಂತಿಯ ವಿಷಯ ಅಂತ ಯಾರಿಗೆ ಗೊತ್ತು.

ಆದರೆ ಮೇಜು ಕಿಟಕಿಯ ಹತ್ತಿರವೇ ಬೇಕು, ಅಮ್ಮನಿಗೆ ಬೆಳಕು ಬೇಕು. ಸರಿಯಾದ ಉದ್ದದ ಕೇಬಲ್ ಸಿಗುವವರೆಗೆ ಏನು ಮಾಡಲಿ?

ಹಳೆಗೂಡು

ಮಾನಿಟರ್‌ನಲ್ಲಿ ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಬೂಟ್ ಸಾಲಿನಲ್ಲಿ ವಿಡಿಯೊ ಎಂಬ ಆಯ್ಕೆ ಕೊಡಬಹುದು: ವಿಡಿಯೊ, ಸಮ ಚಿಹ್ನೆ, ಔಟ್‌ಪುಟ್ ಹೆಸರು, ವಿವರಣ ಚಿಹ್ನೆ, 1920×1080, ಬೆನ್ನಿಗೇ ದೊಡ್ಡ ಎಂ ಮತ್ತು ದೊಡ್ಡ ಆರ್, ಕೊನೆಗೆ ಅಟ್ ಚಿಹ್ನೆ ಹಾಕಿ 60. ಎಂ ಎಂದರೆ ಸಿವಿಟಿ ಲೆಕ್ಕ, ಆರ್ ಎಂದರೆ ನೂಲೇಣಿ ಹೇಳಿದ ಕಡಿಮೆ ಬಿಡುವಿನ ಲೆಕ್ಕ. ನಡುವಿನ ಗುಣಾಕಾರ ಗುರುತಿನ ಬದಲು ಸಣ್ಣ ಎಕ್ಸ್ ಅಕ್ಷರ ಒತ್ತಬೇಕು.

ಎಕ್ಸ್‌ರ್ಯಾಂಡರ್‌ನಲ್ಲಿ ಸೇರಿಸಿದ ಮೋಡ್ ಎಕ್ಸ್ ಸರ್ವರ್ (ಪರದೆಯ ಮೇಲೆ ಚಿತ್ರ ಮೂಡಿಸುವ ಪ್ರೋಗ್ರಾಂ) ನಿಂತ ಕೂಡಲೇ ಮರೆತುಹೋಗುತ್ತದೆ. ಬೇರೆ ಸೆಶನ್‌ಗೆ ಗೊತ್ತೂ ಆಗುವುದಿಲ್ಲ. ಕರ್ನಲ್‌ಗೇ ಹೇಳಿದರೆ ಲಾಗಿನ್ ಪರದೆ, ನಿಮ್ಮ ಸೆಶನ್, ಅಮ್ಮನ ಸೆಶನ್ ಎಲ್ಲದಕ್ಕೂ ಒಂದೇ ಪಟ್ಟಿ ಸಿಗುತ್ತದೆ. ನಿಮ್ಮ ಎರಡನೇ ಪ್ರಶ್ನೆಗೆ ಇದೇ ಒಳ್ಳೆಯದು.

ತೆರೆಮರೆ

ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಇದು ನನಗೆ ತುಂಬಾ ಇಷ್ಟದ ವಿಷಯ, ಸ್ವಲ್ಪ ಉದ್ದ ಬರೆದರೆ ಓದಿಕೊಳ್ಳಿ.

ರೆಸಲ್ಯೂಶನ್ ಕಂಪ್ಯೂಟರ್‌ಗೆ ಸೇರಿದ್ದು ಅಂತ ನಾವು ಅಂದುಕೊಳ್ಳುತ್ತೇವೆ. ಅದು ಸೆಶನ್‌ಗೆ ಸೇರಿದ್ದು. ಪರದೆಯನ್ನು ಒಂದು ಹೊತ್ತಿಗೆ ಒಬ್ಬರೇ ಹಿಡಿದಿರಲು ಸಾಧ್ಯ. ಕರ್ನಲ್ ಭಾಷೆಯಲ್ಲಿ ಅವರಿಗೆ ಡಿಆರ್‌ಎಂ ಮಾಸ್ಟರ್ ಎಂದು ಹೆಸರು. ಎಕ್ಸ್ ಸರ್ವರ್ ಇರಬಹುದು, ಎಕ್ಸ್‌ನ ಬದಲಿಗೆ ಬಂದ ವೇಲ್ಯಾಂಡ್‌ನ ಕಾಂಪೊಸಿಟರ್ ಇರಬಹುದು, ಯಾರ ಕೈಯಲ್ಲಿ ಪರದೆ ಇದೆಯೋ ಅವರು ಮಾತ್ರ ಮೋಡ್ ಬದಲಿಸಬಹುದು.

ಲಿನಕ್ಸ್‌ನಲ್ಲಿ ವರ್ಚುವಲ್ ಟರ್ಮಿನಲ್‌ಗಳಿವೆ, ಅಂದರೆ ಒಂದೇ ಪರದೆಯನ್ನು ಸರದಿಯ ಮೇಲೆ ಬಳಸುವ ತಾಣಗಳು. ಟಿಟಿವೈ1, ಟಿಟಿವೈ2 ಹೀಗೆ ಹೆಸರು. 63ರವರೆಗೆ ಇರಬಹುದು, ನಾವು ಬಳಸುವುದು ಏಳೆಂಟು. ಒಂದೊಂದು ಗ್ರಾಫಿಕಲ್ ಸೆಶನ್ ಒಂದೊಂದರ ಮೇಲೆ ಕೂರುತ್ತದೆ. ನೀವು ಕಂಟ್ರೋಲ್, ಆಲ್ಟ್ ಜೊತೆ ಎಫ್7 ಅಥವಾ ಎಫ್8 ಒತ್ತಿದಾಗ ಲಾಗಿನ್‌ಡಿ ಎಂಬ ಸೇವೆ ಒಬ್ಬರ ಕೈಯಿಂದ ಪರದೆ, ಕೀಬೋರ್ಡ್, ಮೌಸ್ ತೆಗೆದು ಇನ್ನೊಬ್ಬರ ಕೈಗೆ ಕೊಡುತ್ತದೆ. ಕೊಟ್ಟವರ ಪ್ರೋಗ್ರಾಂಗಳು ಸಾಯುವುದಿಲ್ಲ. ಫೈಲ್ ತೆರೆದೇ ಇರುತ್ತದೆ, ಡೌನ್‌ಲೋಡ್ ನಡೆಯುತ್ತಲೇ ಇರುತ್ತದೆ. ಪರದೆ ಮಾತ್ರ ಅವರ ಹತ್ತಿರ ಇರುವುದಿಲ್ಲ. ಮತ್ತೆ ಅವರ ಸರದಿ ಬಂದಾಗ ಅವರು ಮೊದಲು ಮಾಡುವ ಕೆಲಸವೇ ತಮ್ಮ ಮೋಡ್ ಅನ್ನು ಮತ್ತೆ ಹಾಕುವುದು.

ಅಂದರೆ ನಿಮಗೆ ಬೇಕಾದದ್ದು ಆಗಲೇ ಅಲ್ಲಿದೆ. ಬೇರೆ ಅಕೌಂಟ್, ಬೇರೆ ಸೆಶನ್. ಅಲ್ಲಲ್ಲಿ ಒಂದು ಸಲ ಡಿಸ್‌ಪ್ಲೇ ಸೆಟ್ಟಿಂಗ್ ಮಾಡಿಟ್ಟರೆ ಸಾಕು. ಆ ಸ್ಕ್ರಿಪ್ಟ್ ಅಳಿಸಿ. ಪರದೆ ಕೈಬದಲಾಗುತ್ತಿರುವ ಕ್ಷಣದಲ್ಲೇ ಅದು ನಡುವೆ ಬಂದು ಮೋಡ್ ಬದಲಿಸಲು ಹೋಗುತ್ತದೆ. ಒಮ್ಮೆ ಸರಿ, ಒಮ್ಮೆ ಕಪ್ಪು ಆಗುವುದಕ್ಕೆ ಅದೇ ಕಾರಣ ಇರಬೇಕು.

ಹಳೆ ಕಾಲದಲ್ಲಿ ಇದು ಇಷ್ಟು ನಯವಾಗಿರಲಿಲ್ಲ. ಮೋಡ್ ಹಾಕುವ ಕೆಲಸ ಎಕ್ಸ್ ಸರ್ವರ್‌ದೇ ಆಗಿತ್ತು, ಅದು ನೇರವಾಗಿ ಕಾರ್ಡ್ ಮೇಲೆ ಕೈಯಾಡಿಸುತ್ತಿತ್ತು. ಟರ್ಮಿನಲ್ ಬದಲಿಸಿದರೆ ಪರದೆ ಮಿನುಗಿ, ಕಪ್ಪಾಗಿ, ಒಂದೆರಡು ಸೆಕೆಂಡಿನ ಮೇಲೆ ಬರುತ್ತಿತ್ತು. ಕೆಲವು ಸಲ ಬರುತ್ತಲೇ ಇರಲಿಲ್ಲ. 2009ರಲ್ಲಿ 2.6.29 ಕರ್ನಲ್ ಬಂದಾಗ ಮೊದಲು ಇಂಟೆಲ್ ಕಾರ್ಡ್‌ಗಳಿಗೆ ಈ ಕೆಲಸವನ್ನು ಕರ್ನಲ್ ತನ್ನ ಕೈಗೆ ತೆಗೆದುಕೊಂಡಿತು. ಈಗ ನಾವು ಇಷ್ಟು ಸಲೀಸಾಗಿ ಓಡಾಡುವುದಕ್ಕೆ ಆ ಬದಲಾವಣೆಯೇ ಕಾರಣ.

ನಿಮ್ಮಲ್ಲಿ ಯಾವ ಸೆಶನ್ ಎಲ್ಲಿದೆ ಎಂದು ನೋಡಲು ಲಾಗಿನ್‌ಸಿಟಿಎಲ್ ಕಮಾಂಡ್‌ಗೆ ಲಿಸ್ಟ್-ಸೆಶನ್ಸ್ ಎಂದು ಕೊಡಿ. ಯಾರು, ಯಾವ ಸೀಟ್ (ಪರದೆ, ಕೀಬೋರ್ಡ್, ಮೌಸ್ ಸೇರಿದ ಒಂದು ಜೋಡಣೆ), ಯಾವ ಟರ್ಮಿನಲ್ ಎಲ್ಲ ಬರುತ್ತದೆ.

ಮುಂಗಾರು

ತೆರೆಮರೆ ಹೇಳಿದ್ದು ಸರಿ. ಆದರೆ ನಾನು ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತೇನೆ. ಅಮ್ಮನಿಗೆ ರೆಸಲ್ಯೂಶನ್ ಇಳಿಸುವುದೇ ಬೇಡ.

ಎಲ್‌ಸಿಡಿ ಪರದೆಯ ಚುಕ್ಕೆಗಳು ಲೆಕ್ಕ ಮಾಡಿ ಕೂರಿಸಿದವು. 1920×1080 ಎಂದರೆ ಅಷ್ಟೇ ಚುಕ್ಕೆ. 1280×720 ಕೊಟ್ಟರೆ ಒಂದು ಚುಕ್ಕೆಯನ್ನು ಒಂದೂವರೆ ಚುಕ್ಕೆಯ ಜಾಗಕ್ಕೆ ಎಳೆಯಬೇಕು. ಅರ್ಧ ಚುಕ್ಕೆ ಎಂಬುದು ಇಲ್ಲ, ಹಾಗಾಗಿ ಅಂಚು ಕಲಸಿಹೋಗುತ್ತದೆ. ಅಕ್ಷರ ದೊಡ್ಡದಾಯಿತು ನಿಜ, ಮಂಜೂ ಆಯಿತು. ಮಂಜುಗಣ್ಣಿನವರಿಗೆ ನಾವೇ ಇನ್ನಷ್ಟು ಮಂಜು ಸೇರಿಸಿದ ಹಾಗೆ ಅಲ್ವಾ?

ಕನ್ನಡದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. "ರಾಷ್ಟ್ರ", "ಲಕ್ಷ್ಮಿ" ಎಂದು ಬರೆದು ನೋಡಿ. ಕೆಳಗಿನ ಒತ್ತಕ್ಷರಗಳು ಒಂದಕ್ಕೊಂದು ಅಂಟಿ ಒಂದು ಬೂದು ಗುಡ್ಡೆಯಂತೆ ಕಾಣುತ್ತವೆ. ಅದೇ ಪದವನ್ನು ಪೂರ್ತಿ ರೆಸಲ್ಯೂಶನ್‌ನಲ್ಲಿ ಶೇಕಡಾ 150 ಸ್ಕೇಲ್ ಹಾಕಿ ನೋಡಿ. ಗಾತ್ರ ಅಷ್ಟೇ. 1920ನ್ನು ಒಂದೂವರೆಯಿಂದ ಭಾಗಿಸಿದರೆ 1280, 1080ನ್ನು ಭಾಗಿಸಿದರೆ 720, ಅಂದರೆ ಜಾಗವೂ ಅಷ್ಟೇ. ಆದರೆ ಅಕ್ಷರದ ಗೆರೆ ಬರೆಯುವುದಕ್ಕೆ ಎಲ್ಲ ಚುಕ್ಕೆಗಳೂ ಸಿಗುತ್ತವೆ. ಟಕಾರದ ಒತ್ತಿನ ಸುರುಳಿ ಬಿಡಿಬಿಡಿಯಾಗಿ ಕಾಣುತ್ತದೆ.

ಎಕ್ಸ್‌ಎಫ್‌ಸಿಇಯಲ್ಲೇ ಇರುವುದಾದರೆ ಅಪಿಯರೆನ್ಸ್ ಒಳಗೆ ಫಾಂಟ್ಸ್‌ಗೆ ಹೋಗಿ ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ) 96 ಇದ್ದದ್ದನ್ನು 144 ಮಾಡಿ. ಇದು ಅಕ್ಷರವನ್ನು ಹಿಗ್ಗಿಸುತ್ತದೆ, ಐಕಾನ್‌ಗಳನ್ನು ಬೇರೆಯಾಗಿ ದೊಡ್ಡದು ಮಾಡಬೇಕು. ಎಲ್ಲ ಒಟ್ಟಿಗೆ ಹಿಗ್ಗಬೇಕು ಎಂದರೆ ಅಮ್ಮನಿಗೆ ಕೆಡಿಇ ಪ್ಲಾಸ್ಮಾದ ವೇಲ್ಯಾಂಡ್ ಸೆಶನ್ ಕೊಡಿ. ಅಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಒಂದೇ ಸ್ಲೈಡರ್.

ಬೆಳಕಿಂಡಿ

ಅಮ್ಮನಿಗೆ ಹೊಸ ಅಕೌಂಟ್ ಮಾಡಿದೆ. ಪ್ಲಾಸ್ಮಾ ವೇಲ್ಯಾಂಡ್ ಹಾಕಿದೆ, ಸ್ಕೇಲ್ 150. ಮುಂಗಾರು ಹೇಳಿದ "ಲಕ್ಷ್ಮಿ" ಪರೀಕ್ಷೆ ಮಾಡಿದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, ಇಷ್ಟು ದಿನ ಮಕಾರದ ಒತ್ತು ಇದೆ ಅಂತ ಅಂದಾಜಿನಲ್ಲಿ ಓದುತ್ತಿದ್ದೆ, ಈಗ ಕಾಣುತ್ತಿದೆ ಎಂದರು. ನನಗೆ ಗಂಟಲು ಕಟ್ಟಿತು. ಅವರಿಗೆ ಅನುಕೂಲ ಆಗಲಿ ಅಂತಲೇ ನಾನು ರೆಸಲ್ಯೂಶನ್ ಇಳಿಸುತ್ತಿದ್ದದ್ದು.

ಲಾಗಿನ್‌ಸಿಟಿಎಲ್‌ನಲ್ಲಿ ಈಗ ಎರಡು ಸಾಲು. ನನ್ನದು ಟಿಟಿವೈ7, ಅಮ್ಮನದು ಟಿಟಿವೈ8. ಎಫ್8 ಕೀ ಮೇಲೆ ಅಮ್ಮನಿಗಾಗಿ ಒಂದು ಚುಕ್ಕೆ ಅಂಟಿಸಿದ್ದೇನೆ.

ಎರಡು ಸಣ್ಣ ಅನುಮಾನ. ಅಮ್ಮನ ಸೆಶನ್‌ನಲ್ಲಿ ಎಕ್ಸ್‌ರ್ಯಾಂಡರ್ ಓಡಿಸಿದರೆ ಏನೋ ಪಟ್ಟಿ ಬರುತ್ತದೆ, ಆದರೆ ಅದರಿಂದ ಏನು ಬದಲಿಸಿದರೂ ಪರದೆ ಅಲುಗಾಡುವುದಿಲ್ಲ. ಇನ್ನೊಂದು, ನಾನು ಹಾಡು ಹಾಕಿಟ್ಟು ಅಮ್ಮನ ಸೆಶನ್‌ಗೆ ಹೋದರೆ ಹಾಡು ನಿಂತುಹೋಗುತ್ತದೆ.

ತೆರೆಮರೆ

ಮೊದಲನೆಯದು ತುಂಬಾ ಜನ ಎಡವುವ ಜಾಗ. ವೇಲ್ಯಾಂಡ್‌ನಲ್ಲಿ ಪರದೆ ಹಿಡಿದಿರುವುದು ಕಾಂಪೊಸಿಟರ್, ಅಲ್ಲಿ ಅದರ ಹೆಸರು ಕೆವಿನ್. ಹಳೆ ಎಕ್ಸ್ ಪ್ರೋಗ್ರಾಂಗಳಿಗಾಗಿ ಅದರ ಕೆಳಗೆ ಎಕ್ಸ್‌ವೇಲ್ಯಾಂಡ್ ಎಂಬ ಒಂದು ಎಕ್ಸ್ ಸರ್ವರ್ ಓಡುತ್ತದೆ. ಎಕ್ಸ್‌ರ್ಯಾಂಡರ್ ಮಾತಾಡುವುದು ಅದರ ಜೊತೆ. ಅದರ ಕೈಯಲ್ಲಿ ಪರದೆ ಇಲ್ಲ, ಹಾಗಾಗಿ ಬದಲಿಸಲು ಬರುವುದಿಲ್ಲ. ಔಟ್‌ಪುಟ್ ಹೆಸರು ಅದೇ ಕಾಣಿಸಿದರೂ ಮೋಸಹೋಗಬೇಡಿ.

ಅದಕ್ಕೇ ಯಾವ ಸಲಹೆ ಅನುಸರಿಸುವ ಮೊದಲೂ ಎಕ್ಸ್‌ಡಿಜಿ ಸೆಶನ್ ಟೈಪ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಅನ್ನು ಎಕೋ ಮಾಡಿ ನೋಡಿ. ಎಕ್ಸ್11 ಎಂದು ಬಂದರೆ ಎಕ್ಸ್‌ರ್ಯಾಂಡರ್. ವೇಲ್ಯಾಂಡ್ ಎಂದು ಬಂದರೆ ಆಯಾ ಕಾಂಪೊಸಿಟರ್‌ನ ಉಪಕರಣ. ಪ್ಲಾಸ್ಮಾಗೆ ಕೆಸ್ಕ್ರೀನ್-ಡಾಕ್ಟರ್, ಸ್ವೇಗೆ ಸ್ವೇಎಂಎಸ್‌ಜಿ, ಡಬ್ಲ್ಯುಎಲ್‌ರೂಟ್ಸ್ ಮೇಲೆ ಕಟ್ಟಿದ ಬೇರೆಯವಕ್ಕೆ ಡಬ್ಲ್ಯುಎಲ್ಆರ್-ರ್ಯಾಂಡರ್, ಗ್ನೋಮ್‌ಗೆ 48ನೇ ಆವೃತ್ತಿಯಿಂದ ಜಿಡಿಸಿಟಿಎಲ್. ಹಳೆ ಬರಹಗಳಲ್ಲಿ ಎಲ್ಲ ಕಡೆ ಎಕ್ಸ್‌ರ್ಯಾಂಡರ್ ಎಂದೇ ಇರುತ್ತದೆ. ಎಕ್ಸ್11 ಬಂದದ್ದು 1987ರಲ್ಲಿ, ವೇಲ್ಯಾಂಡ್ ಶುರುವಾದದ್ದು 2008ರಲ್ಲಿ. ಅಷ್ಟು ವರ್ಷಗಳ ಬರಹ ರಾಶಿ ಬಿದ್ದಿದೆ.

ಹಾಡು ನಿಲ್ಲುವುದು ದೋಷವಲ್ಲ. ಪರದೆಯ ಹಾಗೆ ಸೌಂಡ್ ಕಾರ್ಡ್ ಕೂಡ ಎದುರಿಗೆ ಕೂತವರಿಗೆ ಸೇರಿದ್ದು ಎಂದು ಲಾಗಿನ್‌ಡಿ ಲೆಕ್ಕ. ಸೆಶನ್ ಬದಲಾದ ಕೂಡಲೇ ಆ ಡಿವೈಸ್ ಫೈಲ್‌ಗಳ ಅನುಮತಿಯನ್ನು ಒಬ್ಬರಿಂದ ತೆಗೆದು ಇನ್ನೊಬ್ಬರಿಗೆ ಕೊಡುತ್ತದೆ.

ನೂಲೇಣಿ

ಹಾಡು ನಿಲ್ಲಬಾರದು ಎಂದರೆ ನಿಮ್ಮ ಅಕೌಂಟ್ ಅನ್ನು ಆಡಿಯೊ ಗುಂಪಿಗೆ ಸೇರಿಸಿ. ನಾನು ಹಾಗೇ ಮಾಡಿಕೊಂಡಿದ್ದೇನೆ. ಅನುಮತಿ ಯಾವಾಗಲೂ ಇರುತ್ತದೆ.

ತೆರೆಮರೆ

ಇದನ್ನು ನಾನು ಒಪ್ಪುವುದಿಲ್ಲ. ಸೌಂಡ್ ಕಾರ್ಡ್‌ನಲ್ಲಿ ಸ್ಪೀಕರ್ ಮಾತ್ರ ಅಲ್ಲ, ಮೈಕ್ ಕೂಡ ಇದೆ. ಆ ಗುಂಪಿಗೆ ಸೇರಿದವರ ಸೆಶನ್ ಹಿಂದೆ ಮರೆಯಲ್ಲಿದ್ದರೂ ಮುಂದೆ ಕೂತವರ ಮಾತನ್ನು ಕೇಳಿಸಿಕೊಳ್ಳಬಹುದು. ಅಮ್ಮ ಯಾರ ಜೊತೆಗೋ ಕರೆಯಲ್ಲಿ ಮಾತಾಡುತ್ತಿರುವಾಗ ಮಗಳ ಸೆಶನ್‌ನ ಯಾವುದೋ ಪ್ರೋಗ್ರಾಂ ಮೈಕ್ ತೆರೆದಿಟ್ಟಿದ್ದರೆ? ಮನೆಯವರೇ ಆದರೂ ಇದು ಸರಿಯಲ್ಲ. ಒಬ್ಬರು ಒಂದು ಕಾರ್ಡ್ ಹಿಡಿದು ಕೂತರೆ ಇನ್ನೊಬ್ಬರಿಗೆ ಸದ್ದೇ ಬಾರದೆ ಇರುವುದೂ ಉಂಟು.

ನೂಲೇಣಿ

ಮೈಕ್ ವಿಷಯ ನಾನು ಯೋಚಿಸಿರಲಿಲ್ಲ. ನನ್ನ ಯಂತ್ರ ನಾನೊಬ್ಬನೇ ಬಳಸುವುದು, ಅದಕ್ಕೆ ನಡೆಯುತ್ತದೆ. ಇಬ್ಬರು ಇರುವ ಕಡೆ ಬೇಡ, ಸರಿ.

ಕೀಲಿಮಣೆ

ನಡುವೆ ಬರುತ್ತಿದ್ದೇನೆ. ನನಗೆ ಬೇಕಿರುವುದು ಸ್ವಲ್ಪ ಬೇರೆ. ಒಬ್ಬನೇ ಬಳಕೆದಾರ, ಎರಡು ಸೆಶನ್. ಒಂದು ನನ್ನ ಮಾಮೂಲಿ ಡೆಸ್ಕ್‌ಟಾಪ್, ಇನ್ನೊಂದರಲ್ಲಿ ಹೊಸ ವಿಂಡೋ ಮ್ಯಾನೇಜರ್ ಕಲಿಯಬೇಕು. ಟಿಟಿವೈ3ರಲ್ಲಿ ಲಾಗಿನ್ ಆಗಿ ಸ್ಟಾರ್ಟ್‌ಎಕ್ಸ್ ಕೊಟ್ಟೆ. ಎರಡನೇ ಎಕ್ಸ್ ಬಂತು. ಆದರೆ ಅಲ್ಲಿ ಮೇಲ್‌ನ ಒಂದು ಲಿಂಕ್ ಒತ್ತಿದರೆ ಏನೂ ಆಗುವುದಿಲ್ಲ. ಮೊದಲ ಸೆಶನ್‌ಗೆ ಹೋಗಿ ನೋಡಿದರೆ ಪುಟ ಅಲ್ಲಿ ತೆರೆದು ಕೂತಿದೆ!

ತೆರೆಮರೆ

ಎರಡು ಪರದೆ ಮಾಡಿದಿರಿ, ಆದರೆ ನೀವು ಒಬ್ಬರೇ. ಈಗಿನ ಸಿಸ್ಟಮ್‌ಡಿ ವ್ಯವಸ್ಥೆಯಲ್ಲಿ ಒಬ್ಬ ಬಳಕೆದಾರನಿಗೆ ಒಂದೇ ಡಿ-ಬಸ್ (ಪ್ರೋಗ್ರಾಂಗಳು ಒಂದಕ್ಕೊಂದು ಸಂದೇಶ ಕಳಿಸುವ ದಾರಿ), ಒಂದೇ ಯೂಸರ್ ಮ್ಯಾನೇಜರ್ (ಆ ಬಳಕೆದಾರನ ಸೇವೆಗಳನ್ನು ನಡೆಸುವುದು). ಎಷ್ಟು ಸೆಶನ್ ತೆರೆದರೂ ಅವು ಹಂಚಿಕೆಯಲ್ಲೇ ಇರುತ್ತವೆ. ನಿಮ್ಮ ಬ್ರೌಸರ್ ಮೊದಲ ಸೆಶನ್‌ನಲ್ಲಿ ಆಗಲೇ ಓಡುತ್ತಿತ್ತು, ಲಿಂಕ್ ಅದಕ್ಕೇ ಹೋಯಿತು. ಫೈರ್‌ಫಾಕ್ಸ್‌ಗೆ ಬೇರೆ ಪ್ರೊಫೈಲ್ ಮಾಡಿ ತಪ್ಪಿಸಬಹುದು. ಆದರೆ ಒಂದನ್ನು ತಪ್ಪಿಸಿದರೆ ಇನ್ನೊಂದು ಬರುತ್ತದೆ. ಗ್ನೋಮ್ ಅಂತೂ ಒಬ್ಬ ಬಳಕೆದಾರನಿಗೆ ಎರಡು ಸೆಶನ್ ಕೊಡಲು ಒಪ್ಪುವುದೇ ಇಲ್ಲ ಎನ್ನಬಹುದು. ಮತ್ತೆ ಲಾಗಿನ್ ಆದರೆ ಹಳೆಯದಕ್ಕೇ ಕರೆದುಕೊಂಡು ಹೋಗುತ್ತದೆ.

ಕಲಿಯುವುದಕ್ಕೆ ಎರಡು ದಾರಿ. ಒಂದು, ಪ್ರಯೋಗಕ್ಕೇ ಒಂದು ಬೇರೆ ಅಕೌಂಟ್. ಇದೇ ನನಗೆ ಇಷ್ಟ, ಏನು ಕೆಟ್ಟರೂ ನಿಮ್ಮ ಸೆಟ್ಟಿಂಗ್‌ಗೆ ತಾಗುವುದಿಲ್ಲ. ಇನ್ನೊಂದು ಝೆಫರ್ (Xephyr) ಎಂಬ ಉಪಕರಣ. ಅದು ಇರುವ ಡೆಸ್ಕ್‌ಟಾಪ್ ಒಳಗೇ ಒಂದು ಕಿಟಕಿ ತೆರೆದು ಅದರಲ್ಲಿ ಇನ್ನೊಂದು ಎಕ್ಸ್ ಸರ್ವರ್ ಓಡಿಸುತ್ತದೆ. ಡಿಸ್‌ಪ್ಲೇ ಸಂಖ್ಯೆ :2 ಎಂದು ಕೊಡಿ, ಸ್ಕ್ರೀನ್ 1280×720 ಎಂದು ಕೊಡಿ. ಆಮೇಲೆ ಡಿಸ್‌ಪ್ಲೇ ವೇರಿಯಬಲ್ ಅನ್ನು :2 ಮಾಡಿ ವಿಂಡೋ ಮ್ಯಾನೇಜರ್ ಶುರು ಮಾಡಿ. ಯಾವ ರೆಸಲ್ಯೂಶನ್ ಬೇಕಾದರೂ ಪ್ರಯತ್ನಿಸಬಹುದು, ನಿಜವಾದ ಪರದೆಗೆ ಏನೂ ಆಗುವುದಿಲ್ಲ. ಬೇಡವಾದರೆ ಕಿಟಕಿ ಮುಚ್ಚಿ.

ಹಳೆಗೂಡು

ಕೀಲಿಮಣೆ, ಸ್ಟಾರ್ಟ್‌ಎಕ್ಸ್ ಬಳಸುವಾಗ ಒಂದು ಎಚ್ಚರಿಕೆ. ನೀವು ಪರದೆ ಲಾಕ್ ಮಾಡಿ ಎದ್ದು ಹೋದಿರಿ ಅಂದುಕೊಳ್ಳಿ. ಎಕ್ಸ್ ಬೇರೆ ಟರ್ಮಿನಲ್ ಮೇಲೆ ಕೂತಿದ್ದರೆ, ಬೇರೆ ಯಾರಾದರೂ ಅದನ್ನು ಶುರು ಮಾಡಿದ ಟರ್ಮಿನಲ್‌ಗೆ ಹೋಗಿ ಕಂಟ್ರೋಲ್ ಸಿ ಒತ್ತಿದರೆ ಎಕ್ಸ್ ಸತ್ತು ನಿಮ್ಮ ಶೆಲ್ ಅವರ ಕೈಗೆ ಸಿಗುತ್ತದೆ. ಲಾಕ್ ಇದ್ದೂ ಇಲ್ಲದ ಹಾಗೆ. ಸ್ಟಾರ್ಟ್‌ಎಕ್ಸ್ ಎಂಬ ಪದಕ್ಕಿಂತ ಮೊದಲು ಎಕ್ಸೆಕ್ ಸೇರಿಸಿ ಕೊಡಿ. ಆಗ ಎಕ್ಸ್ ನಿಂತರೆ ಲಾಗಿನ್ ಕೂಡ ಮುಗಿಯುತ್ತದೆ, ಶೆಲ್ ಉಳಿಯುವುದಿಲ್ಲ.

ಮುಂಗಾರು

ಎರಡು ಸೆಶನ್‌ಗೆ ಮೆಮೊರಿ ಸಾಲುತ್ತದಾ ಅಂತ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಡೆಸ್ಕ್‌ಟಾಪ್ ತಿನ್ನುವುದು ಕಡಿಮೆ. ತಿನ್ನುವುದು ಎರಡೂ ಕಡೆ ತೆರೆದಿಟ್ಟ ಬ್ರೌಸರ್. ಫ್ರೀ ಕಮಾಂಡ್ ಕೊಟ್ಟು ಅವೈಲಬಲ್ ಎಂಬ ಕಂಬ ನೋಡಿಕೊಳ್ಳಿ.

ಬೆಳಕಿಂಡಿ

ಇವತ್ತು ಬೆಳಿಗ್ಗೆ ಒಂದು ಗೊಂದಲ. ಅಮ್ಮ ಮೊದಲು ಲಾಗಿನ್ ಆಗಿದ್ದರು, ನಾನು ಆಮೇಲೆ. ಕೀಗಳು ಅದಲುಬದಲಾಗಿವೆ. ಎಫ್8 ಒತ್ತಿದರೆ ನನ್ನದು ಬರುತ್ತದೆ. ಅಂಟಿಸಿದ ಚುಕ್ಕೆ ಸುಳ್ಳಾಯಿತು.

ತೆರೆಮರೆ

ಹೌದು, ನಾನು ಮೊದಲೇ ಹೇಳಬೇಕಿತ್ತು. ಟರ್ಮಿನಲ್ ಸಂಖ್ಯೆ ಯಾರ ಹೆಸರಿಗೂ ಬರೆದಿಟ್ಟದ್ದಲ್ಲ. ಲೈಟ್‌ಡಿಎಂ ಮಾಮೂಲಾಗಿ 7ರಿಂದ ಶುರು ಮಾಡಿ ಮುಂದಿನವರಿಗೆ ಮುಂದಿನದು ಕೊಡುತ್ತದೆ. ಸಂಖ್ಯೆ ಬಿಡಿ, ಹೆಸರು ಹಿಡಿಯಿರಿ. ಲೈಟ್‌ಡಿಎಂ ಜೊತೆ ಡಿಎಂ-ಟೂಲ್ ಎಂಬ ಕಮಾಂಡ್ ಬರುತ್ತದೆ. ಅದಕ್ಕೆ ಸ್ವಿಚ್-ಟು-ಯೂಸರ್ ಎಂದು ಕೊಟ್ಟು ಬಳಕೆದಾರರ ಹೆಸರು ಕೊಡಿ. ಅವರ ಸೆಶನ್ ಎಲ್ಲೇ ಇರಲಿ ಅಲ್ಲಿಗೆ ಹೋಗುತ್ತದೆ. ನಿಮ್ಮ ಪ್ಯಾನೆಲ್‌ನಲ್ಲಿ ಅಮ್ಮನ ಹೆಸರಿನ ಐಕಾನ್, ಅಮ್ಮನ ಪ್ಯಾನೆಲ್‌ನಲ್ಲಿ ನಿಮ್ಮ ಹೆಸರಿನದು. ಪಾಸ್‌ವರ್ಡ್ ಕೇಳಿದರೆ ಅದನ್ನು ತೆಗೆಯಲು ಹೋಗಬೇಡಿ, ಕೇಳಲಿ.

ಬೆಳಕಿಂಡಿ

ಐಕಾನ್ ಇಟ್ಟೆ, ಕೆಲಸ ಮಾಡುತ್ತಿದೆ. ಅಮ್ಮನ ಐಕಾನ್‌ಗೆ ದೊಡ್ಡ ಚಿತ್ರ ಹಾಕಿದ್ದೇನೆ. ನಾನು ಮೂರು ಅಧ್ಯಾಯದ ಪುಟ ತೆರೆದಿಟ್ಟು ಎದ್ದು ಬಂದೆ. ಅಮ್ಮ ತಮ್ಮದಕ್ಕೆ ಹೋಗಿ ಒಂದು ಗಂಟೆ ಬರೆದರು. ವಾಪಸ್ ಬಂದರೆ ನನ್ನ ಕರ್ಸರ್ ಬಿಟ್ಟ ಸಾಲಿನಲ್ಲೇ ಮಿನುಗುತ್ತಿತ್ತು, 1920×1080ರಲ್ಲಿ. ಸ್ಕ್ರಿಪ್ಟ್ ಅಳಿಸಿದ ಮೇಲೆ ಒಮ್ಮೆಯೂ ಪರದೆ ಕಪ್ಪಾಗಿಲ್ಲ. ಕಳೆದುಹೋದ ಆ ಪುಟವನ್ನು ಅಮ್ಮ ಮತ್ತೆ ಬರೆದರು. ಮೊದಲಿಗಿಂತ ಚೆನ್ನಾಗಿ ಬಂದಿದೆ ಎಂದರು.

ಸರಿಯಾದ ಉದ್ದದ ಕೇಬಲ್ ಸಿಕ್ಕಿತು, ಎಣಿಸಿದೆ, 128 ಬಂತು. ಬೂಟ್ ಸಾಲಿನ ವಿಡಿಯೊ ಆಯ್ಕೆ ತೆಗೆದೆ. ಹಾಳು ಕೇಬಲ್‌ಗೆ ಒಂದು ಚೀಟಿ ಕಟ್ಟಿ "12, 15 ಇಲ್ಲ" ಅಂತ ಬರೆದಿಟ್ಟಿದ್ದೇನೆ.